ಒಂದು ಸಲ ನೋಡಿದರೆ ಮುಗಿಯದ ಸಿನಿಮಾಗಳು

"ಟೀಚರ್, ಕಥೆ ಗೊತ್ತಾದ ಮೇಲೆ ಅದೇ ಸಿನಿಮಾ ಮತ್ತೆ ಯಾಕೆ ನೋಡ್ಬೇಕು?"

ಎಂಟನೇ ತರಗತಿಯ ಹುಡುಗನೊಬ್ಬ ಉರ್ದುವಿನಲ್ಲಿ ಕೇಳಿದ ಪ್ರಶ್ನೆ ಇದು. ನಾನು ಪಾಠ ಮಾಡೋದು ಪುಣೆಯ ಒಂದು ಉರ್ದು ಶಾಲೆಯಲ್ಲಿ. ಊರು ವಿಜಯಪುರದ ಕಡೆ. ಮನೆಯಲ್ಲಿ ದಖನಿ, ಓದಿದ್ದು ಕನ್ನಡ, ಪಾಠ ಉರ್ದು, ತರಕಾರಿ ಕೊಳ್ಳೋದು ಮರಾಠಿಯಲ್ಲಿ. ಹುಡುಗನಿಗೆ ಆ ಹೊತ್ತು ಸರಿಯಾದ ಉತ್ತರ ಕೊಡಲು ಆಗಲಿಲ್ಲ. "ಒಂದೇ ಪಾಠ ನೀನು ಎರಡು ಸಲ ಓದಲ್ವಾ?" ಅಂತ ಹೇಳಿ ತಪ್ಪಿಸಿಕೊಂಡೆ. ಆಮೇಲೆ ಯೋಚಿಸಿದಾಗ ಅದು ಉತ್ತರವೇ ಅಲ್ಲ ಅನ್ನಿಸಿತು. ಪಾಠವನ್ನು ಎರಡು ಸಲ ಓದೋದು ಪರೀಕ್ಷೆಗಾಗಿ. ಸಿನಿಮಾಗೆ ಪರೀಕ್ಷೆ ಇಲ್ಲ. ಹಾಗಾದರೆ ಯಾಕೆ?

ಈ ಲೇಖನ ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರ. ನೀವೂ ಓದಿ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಸಿನಿಮಾ ನೋಡುವುದೇ ಸರಿಯಲ್ಲ ಎನ್ನುವ ಹಿರಿಯರು ನಮ್ಮಲ್ಲಿದ್ದಾರೆ, ನಮ್ಮ ಮನೆಯಲ್ಲೂ ಇದ್ದಾರೆ. ಆ ವಿಷಯದಲ್ಲಿ ತೀರ್ಪು ಹೇಳಲು ನಾನು ಆಲಿಮಾ ಅಲ್ಲ. ಆದರೆ ನಮ್ಮ ಮಕ್ಕಳು ಮೊಬೈಲಿನಲ್ಲಿ ದಿನಕ್ಕೆ ಎಷ್ಟು ಹೊತ್ತು ಏನೇನು ನೋಡುತ್ತಾರೆ ಅನ್ನೋದು ನಿಮಗೂ ಗೊತ್ತು, ನನಗೂ ಗೊತ್ತು. ನೋಡುವುದು ನಿಲ್ಲುತ್ತಿಲ್ಲ. ಹಾಗಿರುವಾಗ ಏನನ್ನು ನೋಡಬೇಕು, ಹೇಗೆ ನೋಡಬೇಕು ಅಂತ ಕಲಿಸುವುದು ಶಿಕ್ಷಕರ ಕೆಲಸ ಅಂತ ನಾನು ತಿಳಿದಿದ್ದೇನೆ.

ಪುಣೆಯಲ್ಲಿರುವ ಒಂದು ಖಜಾನೆ

ಪುಣೆಗೆ ಬಂದ ಹೊಸದರಲ್ಲಿ ನನಗೆ ಪ್ರಭಾತ್ ರೋಡ್ ಅಂದರೆ ಒಂದು ರಸ್ತೆ, ಅಷ್ಟೆ. ಆ ಹೆಸರು ಪ್ರಭಾತ್ ಫಿಲ್ಮ್ ಕಂಪನಿಯದು ಅಂತ ತಿಳಿದದ್ದು ಆಮೇಲೆ. 1929ರಲ್ಲಿ ಕೊಲ್ಹಾಪುರದಲ್ಲಿ ಶುರುವಾದ ಆ ಕಂಪನಿ 1933ರಲ್ಲಿ ಪುಣೆಗೆ ಬಂತು. ಇಲ್ಲಿ ತಯಾರಾದ 'ಸಂತ ತುಕಾರಾಮ್' (1936) ಮಾರನೇ ವರ್ಷ ವೆನಿಸ್ ಚಿತ್ರೋತ್ಸವದಲ್ಲಿ ಹೆಸರು ಮಾಡಿತು. ಕಂಪನಿ ಮುಚ್ಚಿದ ಮೇಲೆ ಅದೇ ಜಾಗದಲ್ಲಿ 1960ರಲ್ಲಿ ಸರ್ಕಾರ ಫಿಲ್ಮ್ ಇನ್‌ಸ್ಟಿಟ್ಯೂಟ್ ತೆರೆಯಿತು. ನಮ್ಮ ಗಿರೀಶ ಕಾಸರವಳ್ಳಿ ಓದಿದ್ದು ಅಲ್ಲಿ. ಗಿರೀಶ ಕಾರ್ನಾಡರು ಎಪ್ಪತ್ತರ ದಶಕದಲ್ಲಿ ಅದರ ನಿರ್ದೇಶಕರಾಗಿದ್ದರು.

1964ರಲ್ಲಿ ಇದೇ ಊರಿನಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾಯಿತು. ಪಿ.ಕೆ. ನಾಯರ್ ಎಂಬ ಕೇರಳದ ಮನುಷ್ಯ 1965ರಲ್ಲಿ ಅಲ್ಲಿಗೆ ಸೇರಿದರು, 1991ರಲ್ಲಿ ನಿವೃತ್ತರಾದರು. ಅಷ್ಟರಲ್ಲಿ ಸುಮಾರು 12,000 ಚಿತ್ರಗಳನ್ನು ಕೂಡಿಸಿದ್ದರು. ಊರೂರು ಅಲೆದು, ಗೋದಾಮು, ಹಳೇ ಥಿಯೇಟರ್, ಯಾರದೋ ಮನೆಯ ಅಟ್ಟ ಅಂತ ಹುಡುಕಿ ರೀಲು ತರುತ್ತಿದ್ದರು. ಒಳ್ಳೆಯ ಚಿತ್ರ, ಕೆಟ್ಟ ಚಿತ್ರ ಅಂತ ಭೇದ ಮಾಡದೆ ಎಲ್ಲವನ್ನೂ ಉಳಿಸಬೇಕು ಅನ್ನೋದು ಅವರ ನಿಲುವು. ಅವರ ಬದುಕಿನ ಬಗ್ಗೆ 'ಸೆಲ್ಯುಲಾಯ್ಡ್ ಮ್ಯಾನ್' (2012) ಎಂಬ ಸಾಕ್ಷ್ಯಚಿತ್ರ ಬಂದಿದೆ. ಸಿಕ್ಕರೆ ನೋಡಿ.

ಯಾಕೆ ಇಷ್ಟು ಒದ್ದಾಟ ಅಂತ ನೀವು ಕೇಳಬಹುದು. ಹಳೆಯ ಕಾಲದ ಫಿಲ್ಮು ನೈಟ್ರೇಟಿನದು. ಬೇಗ ಬೆಂಕಿ ಹಿಡಿಯುತ್ತದೆ, ಸೆಖೆಗೆ ಕೊಳೆತು ಪುಡಿಯಾಗುತ್ತದೆ. ಫಿಲ್ಮಿನಲ್ಲಿ ಒಂದಿಷ್ಟು ಬೆಳ್ಳಿ ಇರುತ್ತದೆ. ಅದಕ್ಕಾಗಿ ರೀಲುಗಳನ್ನು ಕರಗಿಸಿ ಮಾರಿದವರೂ ಇದ್ದರು. ಹೀಗಾಗಿ ನಮ್ಮ ದೇಶದಲ್ಲಿ ತಯಾರಾದ ಸಾವಿರಕ್ಕೂ ಹೆಚ್ಚು ಮೂಕಿ ಚಿತ್ರಗಳಲ್ಲಿ ಉಳಿದದ್ದು ಬಹಳ ಕಡಿಮೆ. 2003ರ ಜನವರಿಯಲ್ಲಿ ಪುಣೆಯಲ್ಲೇ ನೈಟ್ರೇಟ್ ಫಿಲ್ಮು ಇಟ್ಟಿದ್ದ ಕೋಣೆಗೆ ಬೆಂಕಿ ಬಿದ್ದು ಪ್ರಭಾತ್ ಕಾಲದ ಅಮೂಲ್ಯ ರೀಲುಗಳು ಸುಟ್ಟುಹೋದವು.

ನಾವು ಕಳೆದುಕೊಂಡದ್ದರಲ್ಲಿ ಎರಡನ್ನು ನೆನೆಯಿರಿ. ಒಂದು, 1931ರ ಮಾರ್ಚ್ 14ರಂದು ಬಂದ ದೇಶದ ಮೊದಲ ಮಾತಿನ ಚಿತ್ರ 'ಆಲಂ ಆರಾ'. ಅದರ ಮಾತು ಹಿಂದುಸ್ತಾನಿ, ಅಂದರೆ ನಮ್ಮ ಮನೆಯ ಉರ್ದುವಿಗೆ ಹತ್ತಿರದ ನುಡಿ. ಭಾರತೀಯ ಸಿನಿಮಾದ ಮೊದಲ ಹಾಡು ಹಾಡಿದ್ದು ಅದರಲ್ಲಿ ಫಕೀರನ ಪಾತ್ರ ಮಾಡಿದ ಡಬ್ಲ್ಯು.ಎಂ. ಖಾನ್. ಎರಡು, 1934ರ 'ಸತಿ ಸುಲೋಚನಾ'. ಕನ್ನಡದ ಮೊದಲ ಮಾತಿನ ಚಿತ್ರ, ತಯಾರಾದದ್ದು ಕೊಲ್ಹಾಪುರದಲ್ಲಿ. ಇವೆರಡರ ಪ್ರತಿಯೂ ಇವತ್ತು ಇಲ್ಲ. ನನ್ನ ಎರಡೂ ಭಾಷೆಗಳು ಪರದೆಯ ಮೇಲೆ ಮೊದಲು ಮಾತಾಡಿದ್ದನ್ನು ನಾನು ಕೇಳುವ ಹಾಗಿಲ್ಲ. "ಮತ್ತೆ ನೋಡುವುದು" ಅನ್ನೋದು ಎಲ್ಲ ಚಿತ್ರಗಳಿಗೂ ಸಿಗುವ ಭಾಗ್ಯ ಅಲ್ಲ. ಸಿಕ್ಕಾಗ ನೋಡಬೇಕು.

ಮೂರು ಸಲ ನೋಡಿದ 'ಗರ್ಮ್ ಹವಾ'

ಈಗ ಹುಡುಗನ ಪ್ರಶ್ನೆಗೆ ಬರುತ್ತೇನೆ. ನಾನು ಅತಿ ಹೆಚ್ಚು ಸಲ ನೋಡಿದ ಚಿತ್ರ 'ಗರ್ಮ್ ಹವಾ'. ನಿರ್ದೇಶಕ ಎಂ.ಎಸ್. ಸತ್ಯು, ಮೈಸೂರಿನವರು. ಕಥೆ ಇಸ್ಮತ್ ಚುಗ್ತಾಯಿ ಅವರದು. ಚಿತ್ರಕಥೆ ಬರೆದವರು ಕೈಫಿ ಆಜ್ಮಿ ಮತ್ತು ಶಮಾ ಜೈದಿ. ಅಂದರೆ ಕನ್ನಡಿಗರೊಬ್ಬರು ಉರ್ದು ಲೇಖಕರ ಜೊತೆ ಕೂತು ಮಾಡಿದ ಸಿನಿಮಾ. ಗಲಾಟೆಯಾದೀತು ಎಂಬ ಭಯದಿಂದ ಸೆನ್ಸಾರಿನಲ್ಲಿ ಇದು ತಿಂಗಳುಗಟ್ಟಲೆ ಸಿಕ್ಕಿಕೊಂಡಿತ್ತು. ಕೊನೆಗೆ 1974ರಲ್ಲಿ ಮೊದಲು ತೆರೆ ಕಂಡಿದ್ದು ಬೆಂಗಳೂರಿನಲ್ಲಿ. ಯಾವ ಗಲಾಟೆಯೂ ಆಗಲಿಲ್ಲ. ರಾಷ್ಟ್ರೀಯ ಭಾವೈಕ್ಯಕ್ಕೆ ಕೊಡುವ ರಾಷ್ಟ್ರಪ್ರಶಸ್ತಿಯೂ ಅದಕ್ಕೇ ಬಂತು.

ಕಥೆ ಆಗ್ರಾದ್ದು. ಸಲೀಂ ಮಿರ್ಜಾ ಚಪ್ಪಲಿ–ಬೂಟು ತಯಾರಿಸುವ ವ್ಯಾಪಾರಿ. ದೇಶ ಇಬ್ಭಾಗವಾಗಿದೆ. ಒಬ್ಬೊಬ್ಬರಾಗಿ ಮನೆಯವರು ಪಾಕಿಸ್ತಾನಕ್ಕೆ ಹೊರಡುತ್ತಾರೆ. ಮಿರ್ಜಾ ಮಾತ್ರ ಹೋಗೋದಿಲ್ಲ.

ಮೊದಲ ಸಲ ನೋಡಿದಾಗ ನನಗೆ ಹದಿನೇಳು. ನಾನು ನೋಡಿದ್ದು ಆಮಿನಾಳನ್ನು, ಮಿರ್ಜಾರ ಮಗಳನ್ನು. ಅವಳನ್ನು ಮದುವೆಯಾಗಬೇಕಾದವನು ಗಡಿಯಾಚೆ ಹೋಗುತ್ತಾನೆ. ಎರಡನೆಯವನೂ ಕೈಕೊಡುತ್ತಾನೆ. ಅವಳು ಪ್ರಾಣ ಕಳೆದುಕೊಳ್ಳುತ್ತಾಳೆ. ನನಗೆ ಅದು ಪ್ರೇಮಕಥೆ, ಅಷ್ಟೆ. ಅತ್ತು ಮಲಗಿದೆ.

ಎರಡನೇ ಸಲ ಬಿ.ಎಡ್. ಓದುವಾಗ, ಗೆಳತಿಯ ಲ್ಯಾಪ್‌ಟಾಪಿನಲ್ಲಿ. ಆಗ ಕಂಡಿದ್ದು ದಾದಿ, ಮಿರ್ಜಾರ ಮುದಿ ತಾಯಿ. ಹವೇಲಿ ದೊಡ್ಡ ಮಗನ ಹೆಸರಿನಲ್ಲಿದೆ. "ನಾನು ದೇಶ ಬಿಡಲ್ಲ" ಅಂತ ಭಾಷಣ ಮಾಡಿದ ಆ ಮಗನೇ ಸದ್ದಿಲ್ಲದೆ ಪಾಕಿಸ್ತಾನಕ್ಕೆ ಹೋಗಿಬಿಡುತ್ತಾನೆ. ಸರ್ಕಾರ ಮನೆಯನ್ನು ವಲಸೆ ಹೋದವರ ಆಸ್ತಿ ಅಂತ ವಶಕ್ಕೆ ತೆಗೆದುಕೊಳ್ಳುತ್ತದೆ. ಮನೆ ಖಾಲಿ ಮಾಡುವ ದಿನ ದಾದಿ ಸೌದೆ ಇಡುವ ಕೋಣೆಯಲ್ಲಿ ಅಡಗಿ ಕೂರುತ್ತಾಳೆ. ಅವಳನ್ನು ಎತ್ತಿಕೊಂಡೇ ಹೊರಗೆ ತರಬೇಕಾಗುತ್ತದೆ. ಮೊದಲ ಸಲ ಈ ದೃಶ್ಯಕ್ಕೆ ನಾವು ನಕ್ಕಿದ್ದೆವು ಅಂತ ನೆನಪು. ಎರಡನೇ ಸಲ ನಗು ಬರಲಿಲ್ಲ. ನಮ್ಮ ನಾನಿ ಅಷ್ಟರಲ್ಲಿ ಹಾಸಿಗೆ ಹಿಡಿದಿದ್ದರು. ಮಾಮು ಹೊಸ ಮನೆ ಕಟ್ಟಿಸಿ ಕರೆದುಕೊಂಡು ಹೋದರೂ ಅವರು ದಿನಾ ಕೇಳುತ್ತಿದ್ದದ್ದು ಒಂದೇ: "ಘರ್ ಕಬ್ ಜಾನಾ?" ಮದುವೆಯಾಗಿ ಬಂದ ಮನೆಯೇ ಅವರಿಗೆ ಮನೆ.

ಮೂರನೇ ಸಲ ನೋಡಿದ್ದು ಪುಣೆಗೆ ಬಂದ ವರ್ಷ. ನಾವು ಬಾಡಿಗೆ ಮನೆ ಹುಡುಕುತ್ತಿದ್ದೆವು. ಒಂದು ಮನೆ ಇಷ್ಟವಾಯಿತು. ಅಡ್ವಾನ್ಸ್ ಮಾತಾಯಿತು, ಕೀಲಿಕೈ ಯಾವತ್ತು ಅನ್ನೋದೂ ಮಾತಾಯಿತು. ಕರಾರಿಗೆ ನಮ್ಮ ಪೂರ್ತಿ ಹೆಸರು ಬರೆದುಕೊಟ್ಟೆವು. ಸಂಜೆ ಫೋನು ಬಂತು. ಮಾಲೀಕರ ನೆಂಟರು ಬರುತ್ತಾರಂತೆ, ಮನೆ ಕೊಡಲು ಆಗೋದಿಲ್ಲವಂತೆ. ಹೀಗೆ ನೆಂಟರು ಬಂದದ್ದು ಮೂರು ಮನೆಗೆ. ಜಗಳ ಆಡಲಿಲ್ಲ. ಯಾರೂ ಒರಟಾಗಿ ಮಾತಾಡಲೂ ಇಲ್ಲ. ಮರ್ಯಾದೆಯಿಂದಲೇ ಇಲ್ಲ ಅಂದರು. ಕೊನೆಗೆ ನಮ್ಮವರೇ ಹೆಚ್ಚಾಗಿರುವ ಮೊಹಲ್ಲಾದಲ್ಲಿ ಮನೆ ಸಿಕ್ಕಿತು.

ಆ ಮನೆಯಲ್ಲಿ ಸಾಮಾನು ಇನ್ನೂ ಬಿಚ್ಚಿರಲಿಲ್ಲ. ಒಂದು ರಾತ್ರಿ 'ಗರ್ಮ್ ಹವಾ' ಹಾಕಿದೆ. ಮಿರ್ಜಾ ಬಾಡಿಗೆ ಮನೆ ಕೇಳುತ್ತಾ ತಿರುಗುವ ಭಾಗ ಬಂತು. ಅದಕ್ಕೆ ಮೊದಲು ಎರಡು ಸಲ ನೋಡಿದ್ದೆನಲ್ಲ, ಆ ಭಾಗ ಇತ್ತು ಅನ್ನೋದೇ ನನಗೆ ನೆನಪಿರಲಿಲ್ಲ! ಸಿನಿಮಾ ಬದಲಾಗಿರಲಿಲ್ಲ. ನಾನು ಬದಲಾಗಿದ್ದೆ. ಬಲರಾಜ್ ಸಾಹ್ನಿ ಆ ಪಾತ್ರವನ್ನು ಸಿಟ್ಟಿನಿಂದ ಮಾಡಿಲ್ಲ. ಬೆನ್ನು ನೆಟ್ಟಗೆ, ದನಿ ಮೆತ್ತಗೆ. ಮಗಳ ಸಾವಿನ ಮುಂದೆಯೂ ಗೋಳಾಡುವುದಿಲ್ಲ. ಈ ಚಿತ್ರದ ಡಬ್ಬಿಂಗ್ ಮುಗಿಸಿದ ಮಾರನೇ ದಿನ, 1973ರ ಏಪ್ರಿಲ್ 13ರಂದು, ಅವರು ತೀರಿಕೊಂಡರು. ತಮ್ಮ ಅತ್ಯುತ್ತಮ ಕೆಲಸವನ್ನು ಪರದೆ ಮೇಲೆ ಅವರು ನೋಡಲೇ ಇಲ್ಲ.

ಇನ್ನೊಂದು ಸಂಗತಿಯೂ ಮೂರನೇ ಸಲವೇ ಕಂಡಿತು. ಮಿರ್ಜಾರ ಹವೇಲಿ ಸಿಗುವುದು ಸಿಂಧ್ ಕಡೆಯಿಂದ ಓಡಿಬಂದ ವ್ಯಾಪಾರಿಗೆ. ಎ.ಕೆ. ಹಾನಗಲ್ ಮಾಡಿದ ಪಾತ್ರ ಅದು. ಅವನು ದುಷ್ಟನಲ್ಲ. ಅವನೂ ಮನೆ ಕಳೆದುಕೊಂಡವನೇ. ನನ್ನ ಸಂಕಟದ ಹೊತ್ತಿನಲ್ಲಿ ಯಾರನ್ನಾದರೂ ದ್ವೇಷಿಸಬೇಕು ಅನ್ನಿಸುತ್ತಿತ್ತು. ಸಿನಿಮಾ ಅದಕ್ಕೆ ಆಸ್ಪದ ಕೊಡಲಿಲ್ಲ. ಕೊನೆಯಲ್ಲಿ ಮಿರ್ಜಾ ಸಹ ಸೋತು, ಹೆಂಡತಿ–ಮಗನ ಜೊತೆ ಟಾಂಗಾ ಹತ್ತಿ ಸ್ಟೇಷನ್ನಿಗೆ ಹೊರಡುತ್ತಾರೆ. ದಾರಿಯಲ್ಲಿ ಕೆಲಸಕ್ಕಾಗಿ, ಹಕ್ಕಿಗಾಗಿ ಕೂಗುವವರ ಮೆರವಣಿಗೆ ಅಡ್ಡ ಬರುತ್ತದೆ. ಕಿರಿಯ ಮಗ ಸಿಕಂದರ್ ಇಳಿದು ಅದರಲ್ಲಿ ಸೇರುತ್ತಾನೆ. ಫಾರೂಕ್ ಶೇಖ್ ಅವರ ಮೊದಲ ಸಿನಿಮಾ ಇದು. ಸ್ವಲ್ಪ ಹೊತ್ತಿನಲ್ಲಿ ಅಪ್ಪನೂ ಇಳಿಯುತ್ತಾನೆ. ಮೆರವಣಿಗೆಯಲ್ಲಿ ಯಾರು ಯಾವ ಧರ್ಮ ಅಂತ ಯಾರೂ ಕೇಳೋದಿಲ್ಲ.

ಹಾಳಾಗುತ್ತಿದ್ದ ಈ ಚಿತ್ರವನ್ನು ರಿಪೇರಿ ಮಾಡಿ 2014ರ ನವೆಂಬರಿನಲ್ಲಿ ಮತ್ತೆ ಬಿಡುಗಡೆ ಮಾಡಿದರು. ದೃಶ್ಯಗಳನ್ನು ಸರಿಪಡಿಸಿದ ಕೆಲಸ ನಡೆದದ್ದು ಇದೇ ಪುಣೆಯ ಒಂದು ಸ್ಟುಡಿಯೋದಲ್ಲಿ.

ಪಕ್ಕದ ಮನೆಯವರು

ಪುಣೆಯ ಮಣ್ಣಿನಲ್ಲೇ ಹುಟ್ಟಿದ ಒಂದು ಚಿತ್ರವನ್ನೂ ಹೇಳಬೇಕು. 1941ರಲ್ಲಿ ವಿ. ಶಾಂತಾರಾಮ್ ಪ್ರಭಾತ್ ಕಂಪನಿಗಾಗಿ ಒಂದೇ ಕಥೆಯನ್ನು ಮರಾಠಿಯಲ್ಲಿ 'ಶೇಜಾರಿ', ಹಿಂದಿಯಲ್ಲಿ 'ಪಡೋಸಿ' ಅಂತ ತೆಗೆದರು. ಎರಡಕ್ಕೂ ಅರ್ಥ ನೆರೆಯವರು. ಒಂದು ಹಳ್ಳಿ. ಒಬ್ಬ ಹಿಂದೂ ಮುದುಕ, ಒಬ್ಬ ಮುಸ್ಲಿಂ ಮುದುಕ. ಜೀವದ ಗೆಳೆಯರು, ಚದುರಂಗದ ಜೊತೆಗಾರರು. ಅಣೆಕಟ್ಟು ಕಟ್ಟಲು ಬಂದ ಶ್ರೀಮಂತನಿಗೆ ಹಳ್ಳಿಯವರ ಒಗ್ಗಟ್ಟು ಅಡ್ಡಿಯಾಗುತ್ತದೆ. ಇಬ್ಬರ ನಡುವೆ ಅನುಮಾನ ಬಿತ್ತುತ್ತಾನೆ. ಕೊನೆಗೆ ಅಣೆಕಟ್ಟು ಒಡೆಯುವಾಗ ಗೆಳೆಯರಿಬ್ಬರೂ ಮತ್ತೆ ಒಂದಾಗಿ, ಒಟ್ಟಿಗೇ ನೀರುಪಾಲಾಗುತ್ತಾರೆ.

ಹಿಂದಿ ಚಿತ್ರದಲ್ಲಿ ಶಾಂತಾರಾಮ್ ಒಂದು ಉಪಾಯ ಮಾಡಿದರು. ಹಿಂದೂ ಮುದುಕನ ಪಾತ್ರವನ್ನು ಮಜಹರ್ ಖಾನ್ ಅವರಿಗೂ ಮಿರ್ಜಾನ ಪಾತ್ರವನ್ನು ಗಜಾನನ ಜಾಗೀರ್‌ದಾರ್ ಅವರಿಗೂ ಕೊಟ್ಟರು. ಮೊದಲ ಸಲ ಇದು ತಿಳಿಯದೆ ನೋಡಿ, ಆಮೇಲೆ ತಿಳಿದು ನೋಡಿ. ಎರಡನೇ ಸಲ ಒಬ್ಬೊಬ್ಬರ ನಡೆ, ಮಾತು, ಪಗಡಿ ಎಲ್ಲವೂ ಬೇರೆಯಾಗಿ ಕಾಣುತ್ತವೆ. ನಮ್ಮ ಕಣ್ಣು ಬಟ್ಟೆ ನೋಡಿ ಎಷ್ಟು ಬೇಗ ತೀರ್ಮಾನ ಮಾಡುತ್ತೆ ಅನ್ನೋದು ಗೊತ್ತಾಗುತ್ತದೆ.

ಕನ್ನಡಿ ನಮ್ಮ ಕಡೆಗೂ ತಿರುಗಬೇಕು

ಇಲ್ಲಿಯವರೆಗೆ ಓದಿ "ಹೌದು, ಸರಿಯಾಗಿ ಹೇಳಿದ್ರಿ" ಅಂತ ತಲೆದೂಗಿದವರಿಗೆ ಮುಂದಿನ ಮಾತು ಅಷ್ಟು ಹಿಡಿಸದೇ ಇರಬಹುದು.

ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕಥೆಯನ್ನು ಗಿರೀಶ ಕಾಸರವಳ್ಳಿ 2004ರಲ್ಲಿ 'ಹಸೀನಾ' ಎಂದು ಚಿತ್ರ ಮಾಡಿದರು. ತಾರಾ ಅವರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ತಂದ ಚಿತ್ರ. ಹೆಣ್ಣುಮಕ್ಕಳೇ ಹುಟ್ಟಿದರು ಅಂತ ಆಟೋ ಓಡಿಸುವ ಗಂಡ ಹಸೀನಾಳನ್ನು ಬಿಟ್ಟುಹೋಗುತ್ತಾನೆ. ಅವಳು ಜಮಾತಿನ ಮುತವಲ್ಲಿಯ ಹತ್ತಿರ ನ್ಯಾಯ ಕೇಳುತ್ತಾಳೆ. ಇವತ್ತು ನಾಳೆ ಅಂತ ದಿನ ದೂಡುತ್ತಾರೆ. ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಎದುರು ಕೂರುತ್ತಾಳೆ. ಅವಳು ದೀನಿನ ವಿರುದ್ಧ ಮಾತಾಡುತ್ತಿಲ್ಲ, ದೀನು ಕೊಟ್ಟ ಹಕ್ಕನ್ನೇ ಕೇಳುತ್ತಿದ್ದಾಳೆ. ಕೊಡಬೇಕಾದವರು ಕೊಡುತ್ತಿಲ್ಲ.

"ನಮ್ಮ ಮನೆಯ ಮಾತು ಬೀದಿಗೆ ತಂದರು" ಅಂತ ಇಂಥ ಚಿತ್ರಗಳ ಬಗ್ಗೆ ಬೇಜಾರು ಪಟ್ಟುಕೊಳ್ಳುವವರನ್ನು ನಾನು ಬಲ್ಲೆ. ಅವರ ಭಯ ಸುಳ್ಳಲ್ಲ. ಇಂಥ ಕಥೆಯನ್ನು ನಮ್ಮನ್ನು ಹಂಗಿಸಲು ಬಳಸುವವರೂ ಇದ್ದಾರೆ. ಆದರೆ ಬಾಡಿಗೆ ಮನೆ ಸಿಗದ ಮಿರ್ಜಾನಿಗಾಗಿ ಅತ್ತು, ಮಸೀದಿಯ ಮೆಟ್ಟಿಲ ಮೇಲೆ ಕೂತ ಹಸೀನಾಳಿಂದ ಮುಖ ತಿರುಗಿಸಿದರೆ ನಮ್ಮ ಅಳು ಅರ್ಧ ಸತ್ಯ ಆಗುತ್ತದೆ. ನಾನು ಈ ಚಿತ್ರವನ್ನು ಎರಡನೇ ಸಲ ಅಮ್ಮಿಯ ಜೊತೆ ಕೂತು ನೋಡಿದೆ. ಮುಗಿದ ಮೇಲೆ ಅಮ್ಮಿ ಬಹಳ ಹೊತ್ತು ಸುಮ್ಮನಿದ್ದು, ನಮ್ಮ ಓಣಿಯಲ್ಲೇ ಇದ್ದ ಒಬ್ಬ ಹೆಂಗಸಿನ ಕಥೆ ಹೇಳಿದರು. ಮೂವತ್ತು ವರ್ಷ ನಾನು ಆ ಕಥೆ ಕೇಳಿರಲಿಲ್ಲ.

ಬೊಳುವಾರು ಮಹಮದ್ ಕುಂಞಿ ಅವರ ಕಥೆ ಆಧರಿಸಿ ಪಿ. ಶೇಷಾದ್ರಿ ಮಾಡಿದ 'ಮುನ್ನುಡಿ' (2000) ಕೂಡ ಇದೇ ಸಾಲಿನದು. ಅದಾದ ಮೇಲೆ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' (2008) ನೋಡಿ. ಮೂಲ ಕಥೆ ವೈದೇಹಿ ಅವರದು. ಚಿತ್ರದಲ್ಲಿ ಗುಲಾಬಿಯನ್ನು ಮುಸ್ಲಿಂ ಹೆಂಗಸಾಗಿ ಮಾಡಿ, ಕಥೆಯನ್ನು ಕಾರ್ಗಿಲ್ ಯುದ್ಧದ ಕಾಲಕ್ಕೆ ತಂದರು. ಕುಂದಾಪುರದ ಕಡೆಯ ಒಂದು ಕುದ್ರು. ಗುಲಾಬಿ ಸೂಲಗಿತ್ತಿ, ಸಿನಿಮಾ ಅಂದರೆ ಪ್ರಾಣ. ಹೆರಿಗೆ ಮಾಡಿಸಿದ್ದಕ್ಕೆ ಅವಳಿಗೆ ಬಣ್ಣದ ಟಿವಿ ಸಿಗುತ್ತದೆ. ಊರಿನ ಹೆಂಗಸರು ಅವಳ ಮನೆಯಲ್ಲಿ ಸೇರುತ್ತಾರೆ. ಒಟ್ಟಿಗೆ ನಗುತ್ತಾರೆ, ಕಷ್ಟ ಹೇಳಿಕೊಳ್ಳುತ್ತಾರೆ. ಹೊರಗೆ ಮೀನುಗಾರಿಕೆಯ ಪೈಪೋಟಿ ಧರ್ಮದ ಜಗಳದ ರೂಪ ತಾಳುತ್ತದೆ. ಕೊನೆಗೆ ಅವಳನ್ನೇ ಊರಿನಿಂದ ಹೊರಡಿಸುತ್ತಾರೆ. ಉಮಾಶ್ರೀ ಅವರ ಮುಖ ನೋಡಲಿಕ್ಕಾಗಿಯೇ ಈ ಚಿತ್ರವನ್ನು ಎರಡನೇ ಸಲ ನೋಡಬಹುದು. ಈ ಚಿತ್ರಕ್ಕಾಗಿ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಅವರಿಗೇ ಬಂತು.

ಇದು ಪಂಡಿತರ ಕೆಲಸ ಅಲ್ಲ

"ಇಂಥ ಸಿನಿಮಾ ಓದಿದವರಿಗೆ ಮಾತ್ರ" ಅಂತ ನೀವು ಅನ್ನಬಹುದು. ಹಾಗಾದರೆ ಹೆಗ್ಗೋಡಿನ ಕಥೆ ಕೇಳಿ. ಸಾಗರದ ಹತ್ತಿರದ ಆ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ 1973ರಲ್ಲಿ ಚಿತ್ರಸಮಾಜ ಕಟ್ಟಿತು. ಪುಣೆಯಿಂದ ನಾಯರ್ ಸಾಹೇಬರು ರೀಲು ಕಳಿಸಿದರು. ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದ್ದೂರ್ ಹೇಗೆ ನೋಡಬೇಕು ಅಂತ ತಿಳಿಸಿಕೊಟ್ಟರು. ಅಡಿಕೆ ತೋಟದಲ್ಲಿ ಕೆಲಸ ಮಾಡುವವರು, ಮನೆಯ ಹೆಂಗಸರು 'ಪಥೇರ್ ಪಾಂಚಾಲಿ', 'ಬೈಸಿಕಲ್ ಥೀವ್ಸ್' ನೋಡಿದರು. ಇಟಲಿ ಭಾಷೆ ಅವರಿಗೆ ಬರುತ್ತಿರಲಿಲ್ಲ. ಸೈಕಲ್ ಕಳೆದುಕೊಂಡ ಬಡವನ ಕಷ್ಟ ಗೊತ್ತಿತ್ತು, ಅಷ್ಟು ಸಾಕಾಯಿತು. ಹೆಗ್ಗೋಡಿನಲ್ಲಿ ಆದದ್ದು ನಮ್ಮ ಮೊಹಲ್ಲಾದಲ್ಲಿ, ನಮ್ಮ ಶಾಲೆಯಲ್ಲಿ ಯಾಕೆ ಆಗಬಾರದು?

ಸಂಗ್ರಹದಲ್ಲಿ ಉಳಿದರೆ ಏನು ಲಾಭ ಅನ್ನೋದಕ್ಕೂ ಒಂದು ಉದಾಹರಣೆ ಇದೆ. ಕಾಸರವಳ್ಳಿಯವರ 'ಘಟಶ್ರಾದ್ಧ' 1977ರದು, ಸ್ವರ್ಣಕಮಲ ಪಡೆದ ಚಿತ್ರ. ಅದನ್ನು ಹೊಸದಾಗಿ ಸರಿಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಸುಮಾರು ಐವತ್ತು ವರ್ಷ ಯಾರೋ ಡಬ್ಬಿಗಳನ್ನು ತಂಪಾಗಿ ಕಾಪಾಡಿದ್ದರಿಂದ ಇದು ಸಾಧ್ಯವಾಯಿತು.

ಹೇಗೆ ನೋಡಬೇಕು?

ವಿದ್ಯಾರ್ಥಿಗಳಿಗೆ ನಾನು ಹೇಳುವ ಕ್ರಮ ಸುಲಭ.

ಮೊದಲ ಸಲ ಕಥೆಗಾಗಿ ನೋಡಿ. ಮಧ್ಯೆ ಮೊಬೈಲ್ ಮುಟ್ಟಬೇಡಿ, ಓಡಿಸಿ ನೋಡಬೇಡಿ.

ಎರಡನೇ ಸಲ ಮುಖ್ಯ ಪಾತ್ರವನ್ನು ಬಿಟ್ಟು ಬೇರೊಬ್ಬರನ್ನು ಹಿಡಿದುಕೊಳ್ಳಿ. ದಾದಿ, ಟಾಂಗಾವಾಲಾ, ಪಕ್ಕದ ಮನೆಯಾಕೆ, ಯಾರಾದರೂ ಸರಿ. ಅವರ ಕಣ್ಣಿನಿಂದ ಕಥೆ ಹೇಳಿ ನೋಡಿ. ಒಂದು ಹತ್ತು ನಿಮಿಷ ಸದ್ದು ನಿಲ್ಲಿಸಿ ಬರೀ ಮುಖಗಳನ್ನು ನೋಡಿ.

ಮೂರನೇ ಸಲ ಮನೆಯ ಹಿರಿಯರೊಬ್ಬರ ಜೊತೆ ಕೂತು ನೋಡಿ. ಮುಗಿದ ಮೇಲೆ "ನಮ್ಮಲ್ಲೂ ಹೀಗಾಗಿತ್ತಾ?" ಅಂತ ಕೇಳಿ. ಅವರು ಹೇಳಿದ್ದನ್ನು ಬರೆದಿಡಿ, ಕನ್ನಡದಲ್ಲೋ ಉರ್ದುವಿನಲ್ಲೋ. ಅದನ್ನು ಉಳಿಸಿಡುವ ಸಂಗ್ರಹಾಲಯ ಪುಣೆಯಲ್ಲೂ ಇಲ್ಲ. ನೀವೇ ಉಳಿಸಬೇಕು.

ಆ ಹುಡುಗನಿಗೆ ಇಷ್ಟನ್ನೂ ಹೇಳಿ ಮುಗಿಸಿದ ಮೇಲೆ, ಒಂದು ಶನಿವಾರ ತರಗತಿಯಲ್ಲಿ 'ಪಡೋಸಿ'ಯ ಒಂದು ಭಾಗ ತೋರಿಸಿದೆ. ಕಪ್ಪು–ಬಿಳುಪು ಅಂತ ಮೊದಲು ಮುಖ ಗಂಟಿಕ್ಕಿದ. ಮುಗಿದ ಮೇಲೆ, ಆ ಇಬ್ಬರಲ್ಲಿ ಮುಸ್ಲಿಂ ನಟ ಯಾರು ಅಂತ ಕೇಳಿದೆ. ಇಡೀ ತರಗತಿ ಒಟ್ಟಿಗೆ ಮಿರ್ಜಾ ಕಡೆ ಕೈ ತೋರಿಸಿತು. ಅಲ್ಲ ಅಂದೆ. ಸ್ವಲ್ಪ ಹೊತ್ತು ಗದ್ದಲ. ಆಮೇಲೆ ಹಿಂದಿನ ಬೆಂಚಿನಿಂದ ಅದೇ ಹುಡುಗನ ದನಿ ಬಂತು:

"ಟೀಚರ್, ಇನ್ನೊಂದ್ಸಲ ಹಾಕಿ."